ಮುನಿಗಂಗಮ್ಮ ಇಳಿದು ಕುಳಿತ ಗುಂಡಿ

ನಮ್ಮಜ್ಜಿ ಮುನಿಗಂಗಮ್ಮ ಕಲ್ಲು ಒಡೆಯುವವಳು. ಬಂಡೆಯನ್ನು ಒಮ್ಮೆ ತಟ್ಟಿದರೆ ಸಾಕು, ಎಲ್ಲಿ ಸೀಳುತ್ತದೆಂದು ಹೇಳಿಬಿಡುತ್ತಿದ್ದಳು. ಕೆಲಸ ಇದ್ದಲ್ಲಿ ಗುಡಿಸಲು, ಮುಗಿದರೆ ಗಂಟುಮೂಟೆ. ಊರಿನ ರಸ್ತೆಗೆಲ್ಲ ಇಂಥವರ ಜಲ್ಲಿ ಬೇಕು, ಊರೊಳಗೆ ಇವರು ಬೇಡ! ನೆನೆದರೆ ನನಗೆ ಇಂದಿಗೂ ಮೈಯುರಿಯುತ್ತದೆ.

೧೯೪೩, ಯುದ್ಧದ ಕಾಲ. ದೊಮ್ಮಲೂರಿನಾಚೆ ಮಿಲಿಟರಿ ರಸ್ತೆಗೆ ಜಲ್ಲಿ ಒಡೆಯುತ್ತಿದ್ದಾಗ ಅವಳ ಮೂರು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡಳು. ಹತ್ತಿರದ ಯಾವ ಹಳ್ಳಿಯವರೂ ಹೂಳಲು ಜಾಗ ಕೊಡಲಿಲ್ಲ. ಬಯಲಿನಲ್ಲಿ ದುಂಡಗೆ ನೆಟ್ಟ ಹಳೇ ಕಲ್ಲುಗಳಿದ್ದವು, ನಡುವೆ ಮಣ್ಣಿನ ದಿಬ್ಬ. ಅದು ಪಾಂಡವರ ಮನೆ ಎಂದು ಹೆದರಿ ಜನ ಅತ್ತ ಸುಳಿಯುತ್ತಿರಲಿಲ್ಲ. ಅಜ್ಜಿ ಮಗುವನ್ನು ಆ ಕಲ್ಲುಗಳ ಮಗ್ಗುಲಲ್ಲೇ ಹೂಳಿದಳು, ಜೊತೆಗೆ ಅದು ಉಣ್ಣುತ್ತಿದ್ದ ಕುಡಿಕೆ.

ತಿಂಗಳು ಕಳೆಯುವ ಮೊದಲೇ ಮೇಸ್ತ್ರಿ ಚಿನ್ನಪ್ಪ ಅದೇ ಕಲ್ಲುಗಳನ್ನು ಒಡೆದು ಸುತ್ತಲಿನ ನೆಲ ಮಟ್ಟ ಮಾಡಲು ಹೇಳಿದ. ಅಂದರೆ ಮಗುವಿನ ಗುಂಡಿಯೂ ಹೋದಂತೆಯೇ. ಅಜ್ಜಿ ಸುತ್ತಿಗೆ ಮುಟ್ಟಲಿಲ್ಲ. ಉಳಿದ ಆಳುಗಳು ನಿಧಿಯ ಆಸೆಗೆ ದಿಬ್ಬ ಅಗೆದು, ಮೇಲಿನ ಚಪ್ಪಡಿ ಸರಿಸಿದರು. ಒಳಗೆ ಕಲ್ಲಿನ ಕೋಣೆ. ಕಪ್ಪು-ಕೆಂಪು ಮಡಕೆಗಳು, ತುಕ್ಕು ಹಿಡಿದ ಕುಡುಗೋಲು, ದೊಡ್ಡ ಮೂಳೆಗಳ ಪಕ್ಕ ಒಂದು ಪುಟ್ಟ ತಲೆಬುರುಡೆ. ಅದರ ಬಳಿ ಎರಡು ಕೆಂಪು ಮಣಿ, ಅಂಗೈಯಷ್ಟು ಕುಡಿಕೆ.

"ಥೂ, ಚಿನ್ನ ಇಲ್ಲ, ಏನಿಲ್ಲ. ಯಾವ್ದೋ ಕಾಲ್ದ ಊರಿಲ್ದೋರು. ಕೇಳೋರು ಯಾರವ್ರೆ? ಒಡೀರ್ಲಾ," ಎಂದ ಚಿನ್ನಪ್ಪ.

ಅಜ್ಜಿ ಚಪ್ಪಡಿ ತಟ್ಟಿ ನೋಡಿದಳು. "ಈ ಕಲ್ಲು ಇಲ್ಲೀದಲ್ಲ ಕಣಯ್ಯ. ಇಲ್ಲೀ ಬಂಡೆ ಹಿಂಗೆ ಸೀಳಲ್ಲ. ಎಲ್ಲಿಂದಾನೋ ಹೊತ್ತು ತಂದವ್ರೆ. ಊರಿಲ್ದೋರು ಸತ್ತೋರಿಗೆ ಕಲ್ಮನೆ ಕಟ್ಟವ್ರೆ, ಮಗೀಗೆ ಉಣ್ಣಾಕೆ ಕುಡಿಕೆ ಮಡಗವ್ರೆ. ಊರಿರೋ ನಿಂಗೆ ಅಷ್ಟೂ ಬುದ್ಧಿ ಇಲ್ವಲ್ಲಾ!"

"ನಾಳೆಯಿಂದ ನಿಂಗೆ ಕೆಲ್ಸ ಇಲ್ಲ, ಹೋಗು."

"ಬ್ಯಾಡ!" ಎಂದವಳೇ ಗುಂಡಿಗೆ ಇಳಿದು ಮಡಕೆಗಳ ನಡುವೆ ಕಾಲು ಮಡಚಿ ಕುಳಿತಳು. "ಈಗ ಒಡಿ. ಮೊದ್ಲು ನನ್ ತಲೆ ಒಡಿ. ಇವ್ರ ಪರ ಕೇಳಾಕೆ ನಾನಿದ್ದೀನಿ."

ಸಂಜೆಯಾದರೂ ಏಳಲಿಲ್ಲ. ಆಳುಗಳು ಒಬ್ಬೊಬ್ಬರಾಗಿ ಸುತ್ತಿಗೆ ಕೆಳಗಿಟ್ಟರು. ಚಿನ್ನಪ್ಪ ಬಾಯಿಗೆ ಬಂದಂತೆ ಬೈದು, ಬೇರೆ ಬಂಡೆ ಹುಡುಕಲು ಹೋದ. ಆಮೇಲೆ ಆಳುಗಳೇ ಅಜ್ಜಿಯನ್ನು ಮೇಲೆತ್ತಿ ಚಪ್ಪಡಿ ಮುಚ್ಚಿದರು.

ಮರುದಿನ ಅಜ್ಜಿ ಗಂಟು ಕಟ್ಟಿದಳು. ಹೊರಡುವ ಮೊದಲು ಒಂದು ಕಲ್ಲು ಹೊತ್ತು ತಂದು, ಮಗುವಿನ ತಲೆಯ ಬಳಿ, ಆ ಹಳೇ ಕಲ್ಲುಗಳ ಸಾಲಿಗೇ ಸೇರುವಂತೆ ನೆಟ್ಟಳು. ಎಲ್ಲಿ ಸೀಳುತ್ತದೆಂದು ಅದನ್ನು ಮಾತ್ರ ಅವಳು ತಟ್ಟಿ ನೋಡಲಿಲ್ಲ.