ಯಜಮಾನರ ಹಳದಿ ಅಂಗೈ

ಅಂದು ಬೆಳಿಗ್ಗೆಯೂ ಹಾಲು ಕಾಯಿಸಿಟ್ಟು, ಯಜಮಾನರಿಗೆ ಕ್ಯಾರೆಟ್ ರಸ ಸೋಸಿಕೊಟ್ಟೆ. ಕಣ್ಣಿಗೆ ಒಳ್ಳೆಯದೆಂದು ನಾನೇ ಶುರುಮಾಡಿದ್ದು. ಅವರ ಅಂಗೈ ಹಳದಿಯಾದಾಗ ಕಾಮಾಲೆಯೆಂದು ಹೆದರಿ, ಹೊಳೆನರಸೀಪುರದಿಂದ ಸೊಪ್ಪಿನ ಔಷಧಿ ತಂದೆವು. ಪಥ್ಯಕ್ಕೆ ಉಪ್ಪು, ಎಣ್ಣೆ ಬಿಡಿಸಿ, ರಸವನ್ನು ಮಾತ್ರ ಒಂದು ಲೋಟದಿಂದ ಮೂರಕ್ಕೇರಿಸಿದೆ. ಬಣ್ಣ ಏರುತ್ತಲೇ ಹೋಯಿತು. ಲಿವರ್ ಕೆಟ್ಟಿತೆಂದುಕೊಂಡು ಅಂದೇ ಅರಕಲಗೂಡಿನಿಂದ ಹಾಸನದ ಆಸ್ಪತ್ರೆಗೆ ಹೊರಟೆವು.

ಡಾಕ್ಟರು ರೆಪ್ಪೆ ಎಳೆದು ನೋಡಿದರು. ಕಣ್ಣು ಬೆಳ್ಳಗಿತ್ತು, ರಕ್ತದ ರಿಪೋರ್ಟೂ ಸರಿಯಿತ್ತು.

"ಏನಮ್ಮಾ ಕುಡಿಸ್ತಿದ್ದೀರಿ ಇವರಿಗೆ?"

ಹೇಳಿದೆ.

"ಇದು ಕಾಮಾಲೆ ಅಲ್ಲ, ಕ್ಯಾರೆಟ್ ಬಣ್ಣ. ನಿಲ್ಲಿಸಿ. ಉಪ್ಪು ಹಾಕಿ ಊಟ ಕೊಡಿ, ಅದೇ ಔಷಧಿ."

ಯಜಮಾನರು ನನ್ನ ಮುಖ ನೋಡಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಮಸಾಲೆದೋಸೆ ತಿಂದರು.

ಸಂಜೆ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಎಲ್ಲ ಕೇಳಿಸಿಕೊಂಡು, "ಅಯ್ಯೋ, ಯಾಕ್ ನಿಲ್ಲಿಸ್ಬುಟ್ರಿ? ಅಣ್ಣೋರ್ಗೆ ಈಗ್ತಾನೆ ವಸಿ ಬಣ್ಣ ಬಂದಿತ್ತು ಕಣಕ್ಕಾ," ಎಂದಳು.