ಮಟ್ಟುವಿನ ಕೋಣೆಗೆ ತಕ್ಕ ಲಿನಕ್ಸ್

ಆನ್ಸಿಲ್ಲಾ ಹುಟ್ಟಿದ್ದು ಕಾಪು ಬಳಿಯ ಶಿರ್ವದಲ್ಲಿ, ಮಲ್ಲಿಗೆ ಬೆಳೆಯುವ ಮನೆಯಲ್ಲಿ. ಬೆಳಗ್ಗೆ ಮೊಗ್ಗು ಕೊಯ್ದು ಅಮ್ಮನ ಮುಂದೆ ಸುರಿದು, ಕಾರ್ಕಳದ ಬಸ್ಸು ಹಿಡಿದು ಕಾಲೇಜಿಗೆ ಓಡುತ್ತಿದ್ದಳು. ಆ ಮನೆಯಲ್ಲಿ ಪದವಿ ಪಡೆದವಳು ಅವಳೇ ಮೊದಲು. ಈಗ ಮಣಿಪಾಲದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿ. ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ನೇರವಾಗಿ ಸ್ಕೂಟರಿನಲ್ಲಿ ಮಟ್ಟು ಎಂಬ ಹಳ್ಳಿಗೆ ಬರುತ್ತಾಳೆ. ಅಲ್ಲಿ ಗುಳ್ಳ ಬದನೆ ಬೆಳೆಗಾರರ ಸಂಘದ ಹಿಂಬದಿ ಕೋಣೆಯಲ್ಲಿ ಹೆಂಗಸರಿಗೆ ಕಂಪ್ಯೂಟರ್ ಕಲಿಸುತ್ತಾಳೆ.

ಕಂಪ್ಯೂಟರುಗಳು ಉಡುಪಿಯ ಬನ್ನಂಜೆಯ ಒಂದು ಕಚೇರಿ ಬೇಡವೆಂದು ಬಿಟ್ಟವು. ಗುಂಡಿ ಒತ್ತಿ ಕುಳಿತರೆ ಪರದೆ ಬೆಳಗುವಷ್ಟರಲ್ಲಿ ತರಗತಿಯ ಅರ್ಧ ಉತ್ಸಾಹ ಇಳಿದುಹೋಗುತ್ತಿತ್ತು. ಸಂಘದ ಕಾರ್ಯದರ್ಶಿ ಉಮಾನಾಥ ಬಾಗಿಲಲ್ಲಿ ನಿಂತು ಹೇಳಿದ್ದ:

"ಟೀಚರ್, ಮಹಾಸಭೆಯವರೆಗೆ ನೋಡುತ್ತೇನೆ. ಆಮೇಲೂ ಹೀಗೇ ಆದರೆ ಈ ಕೋಣೆ ಗುಳ್ಳದ ಕ್ರೇಟಿಗೆ. ಕ್ರೇಟು ಕೆಲಸವನ್ನಾದರೂ ಮಾಡುತ್ತದೆ ಮಾರಾಯ್ರೆ."

ಕೋಣೆ ಹೋದರೆ ತರಗತಿಯೂ ಹೋದ ಹಾಗೆ. ಆನ್ಸಿಲ್ಲಾ ಲಿನಕ್ಸಿನ ಮೊರೆಹೋದಳು. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ ಅದು. ಉಚಿತ, ತಿಳಿದವರು ಯಾರು ಬೇಕಾದರೂ ತಿದ್ದಿಕೊಳ್ಳಬಹುದು. ಅದರಲ್ಲೇ ಬಗೆಬಗೆ ಉಂಟು. ಒಂದು ಯಂತ್ರಕ್ಕೆ ಪಪ್ಪಿ, ಇನ್ನೊಂದಕ್ಕೆ ಲುಬುಂಟು, ಮತ್ತೊಂದಕ್ಕೆ ಮಿಂಟ್ ಹಾಕಿದಳು. ಪಪ್ಪಿ ಗುಂಡಿ ಒತ್ತುವುದನ್ನೇ ಕಾಯುತ್ತಿದ್ದಂತೆ ಎದ್ದು ನಿಂತಿತು. ಮಿಂಟ್ ಎಲ್ಲಕ್ಕಿಂತ ನಿಧಾನ.

"ಪಪ್ಪಿಯಾ? ನಮ್ಮ ಮನೆಯಲ್ಲೂ ಎರಡು ಉಂಟು, ಬೇಕಾದರೆ ಕೊಂಡುಹೋಗಿ" ಎಂದ ಉಮಾನಾಥ.

ವೇಗವೊಂದೇ ಸಾಲದೆಂದು ಅವಳಿಗೆ ಗೊತ್ತಿತ್ತು. ಎಲ್ಲರನ್ನೂ ಮೂರು ಯಂತ್ರಗಳ ಮುಂದೆಯೂ ಕೂರಿಸಿ ಕೇಳಿದಳು: "ಯಾವುದು ಸುಲಭ ಅನ್ನಿಸಿತು? ಸಂಕೋಚ ಬೇಡ, ಹೇಳಿ."

"ಎಲ್ಲವೂ ಸುಲಭ ಉಂಟು ಟೀಚರ್" ಎಂದರು ರತ್ನಾವತಿ. ಗುಳ್ಳದ ಗದ್ದೆಯಲ್ಲಿ ಬೆಳೆದು, ಅಲ್ಲೇ ಅಜ್ಜಿಯಾದವರು. ಉಳಿದವರೂ ತಲೆಯಾಡಿಸಿದರು. ಹಾಗಾದರೆ ಬೇಗ ಏಳುವುದೇ ಇರಲಿ ಎಂದು ಆನ್ಸಿಲ್ಲಾ ಎಲ್ಲ ಯಂತ್ರಗಳಿಗೂ ಪಪ್ಪಿ ಹಾಕಿದಳು.

ಮುಂದಿನ ವಾರ ಕಲಿಯುವವರಲ್ಲಿ ಚಂಪಾ ಬರಲಿಲ್ಲ, ಯಾರದೋ ಮದುವೆಯಂತೆ. ಅದರ ಮುಂದಿನ ವಾರ ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ನೆಂಟರು. ಕೊನೆಗೆ ರತ್ನಾವತಿಯೂ ಕಾಣಲಿಲ್ಲ. ಖಾಲಿ ಕೋಣೆಯಲ್ಲಿ ಯಂತ್ರಗಳೆಲ್ಲ ಚುರುಕಾಗಿ ಎದ್ದು ಕುಳಿತಿದ್ದವು.

ಆನ್ಸಿಲ್ಲಾ ಬೀಗ ಹಾಕಿ ಗದ್ದೆಗೆ ಹೋದಳು. ರತ್ನಾವತಿ ಗುಳ್ಳ ಕೊಯ್ಯುತ್ತಿದ್ದರು. ಅವಳನ್ನು ಕಂಡೊಡನೆ ಸೆರಗು ಸರಿಮಾಡಿಕೊಂಡು ನೇರ ನಿಂತರು. "ನಮಸ್ಕಾರ ಟೀಚರ್. ಇವತ್ತು ಸ್ವಲ್ಪ ಕೆಲಸ ಇತ್ತು" ಎಂದರು, ಶಾಲೆಯ ಇನ್‌ಸ್ಪೆಕ್ಟರಿಗೆ ಉತ್ತರಿಸುವ ಹಾಗೆ.

ಆ ನಿಲುವು ಆನ್ಸಿಲ್ಲಾಳಿಗೆ ಪರಿಚಿತ. ಅವಳ ಅಮ್ಮನೂ ಬ್ಯಾಂಕಿನಲ್ಲಿ ಹೀಗೆಯೇ ನಿಂತು, ತಿಳಿಯದಿದ್ದರೂ ಕನ್ನಡದಲ್ಲಿ "ಆಯಿತು ಸರ್" ಎಂದು ಬರುತ್ತಿದ್ದರು. ಇಲ್ಲಿ ಗದ್ದೆ, ಅಂಗಳದ ಮಾತು ತುಳು; ಕನ್ನಡವೆಂದರೆ ಶಾಲೆ, ಕಚೇರಿ, ವೇದಿಕೆ. ಆ ಭಾಷೆಯಲ್ಲಿ ಯಾರೂ ದೂರು ಹೇಳುವುದಿಲ್ಲ. ತಾನು ತರಗತಿಯಲ್ಲಿ ಒಂದು ದಿನವೂ ತುಳು ಮಾತನಾಡಿರಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಆಗಲೇ.

ಬದುವಿನ ಮೇಲೆ ಕುಳಿತು ಕೇಳಿದಳು: "ರತ್ನಕ್ಕ, ಎಂಚಿನ ಬಂಙ?" ಏನು ಕಷ್ಟ ಎಂದು, ಅಷ್ಟೇ.

 ರತ್ನಾವತಿ ಕೊಯ್ಯುವ ಕತ್ತಿ ಕೆಳಗಿಟ್ಟು ತುಳುವಿನಲ್ಲಿ ಶುರುಮಾಡಿದರು. ಮೊಮ್ಮಗಳು ಮನೆಯಲ್ಲಿ ಮೌಸನ್ನು ಎರಡು ಸಲ ಒತ್ತಲು ಕಲಿಸಿದ್ದಾಳೆ. ನಿಮ್ಮ ನಾಯಿಮರಿಗೆ ಒಂದೇ ಸಲ ಸಾಕು, ಎರಡು ಸಲ ಒತ್ತಿದರೆ ಎರಡೆರಡು ಕಿಟಕಿ ತೆರೆಯುತ್ತದೆ. ನೀವು ಈಚೆ ತಿರುಗುವುದರೊಳಗೆ ಒಂದನ್ನು ಮುಚ್ಚುವುದೇ ನಮಗೆ ಕೆಲಸ. ಕನ್ನಡ ಬರೆಯುವ ಜಾಗ ಎಲ್ಲಿ ಅಡಗಿದೆಯೋ ದೇವರೇ ಬಲ್ಲ. "ಚಂಪಾಳಿಗೆ ಮದುವೆಯೂ ಇಲ್ಲ, ಮುಂಜಿಯೂ ಇಲ್ಲ. ಅವಳಿಗೆ ನಾಚಿಕೆ."

"ಅವತ್ತೇ ಹೇಳಬಾರದಿತ್ತಾ?"

"ಭಾನುವಾರ ಬಿಟ್ಟು ಬರುವವಳು ನೀನು. ನಿನ್ನ ಮುಖಕ್ಕೆ ಹೇಗೆ ಹೇಳುವುದು ಮಗಾ?"

ಟೀಚರ್ ಹೋಗಿ ಮಗಳಾದದ್ದು ಆನ್ಸಿಲ್ಲಾಳಿಗೆ ಹಿತವೆನಿಸಿತು.

ಮುಂದಿನ ಭಾನುವಾರ ರತ್ನಾವತಿ ಚಂಪಾಳನ್ನೂ ಉಳಿದವರನ್ನೂ ಕರೆತಂದರು. ಮೂರು ಬಗೆಯನ್ನೂ ಮತ್ತೆ ಹಾಕಿ ಹೊಸದಾಗಿ ಪರೀಕ್ಷೆ ನಡೆಯಿತು. ಈ ಸಲ ಆನ್ಸಿಲ್ಲಾ ಹಿಂದಿನ ಬೆಂಚಿನಲ್ಲಿ ಕುಳಿತು ಕೈಗಳನ್ನು ನೋಡಿದಳು. ಎಲ್ಲಿ ಬೆರಳು ತಡವರಿಸುತ್ತದೆ, ಎಲ್ಲಿ ಪಕ್ಕದವರ ಪರದೆಗೆ ಕಣ್ಣು ಹೋಗುತ್ತದೆ ಎಂದು. ನಡುವೆ ತುಳುವಿನಲ್ಲಿ ಬೈಗುಳವೂ ಕೇಳಿಸಿತು. ಎರಡು ಸಲ ಒತ್ತಿದರೆ ತೆರೆಯುವ ಮಿಂಟ್ ಮುಂದೆ ಕೈಗಳು ಅಷ್ಟು ತಡವರಿಸಲಿಲ್ಲ. ಅದನ್ನೇ ಆರಿಸಿ, ಶುರುವಿನಲ್ಲಿ ತಾನಾಗಿ ತೆರೆಯುವ ಬೇಡದ್ದನ್ನೆಲ್ಲ ನಿಲ್ಲಿಸಿದಳು. ಫೋನಿನಲ್ಲಿ ಬರೆಯುವಂತೆಯೇ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಹಾಗೆ ಮಾಡಿದಳು.

ಮಹಾಸಭೆ ಹತ್ತಿರವಾದಾಗ ಉಮಾನಾಥ ಬಂದ. ಪರದೆ ಇನ್ನೂ ತೆರೆದುಕೊಳ್ಳುತ್ತಿತ್ತು.

"ಇದೆಂತ, ಆ ಪಪ್ಪಿಯೇ ಬೇಗ ಓಡುತ್ತಿತ್ತಲ್ಲ?"

"ಓಡುವುದು ಎಂತಕ್ಕೆ ಉಮಾನಾಥಣ್ಣ? ಇದು ಕುಳಿತು ಮಾಡುವ ಕೆಲಸ ಅಲ್ವಾ?" ಎಂದಳು ಚಂಪಾ. "ಸಭೆಯ ನೋಟೀಸು ಹೇಳಿ, ಬರೆಯುತ್ತೇವೆ."

ಅವನು ಹೇಳಿದ, ರತ್ನಾವತಿ ಬರೆದರು. ಒಂದು ಕಡೆ ತಪ್ಪಿದಾಗ ಆನ್ಸಿಲ್ಲಾಳ ಕೈ ಮೌಸಿನತ್ತ ಹೋಗಿ ಹಿಂದೆ ಬಂತು. ಅವರೇ ಅಳಿಸಿ ಸರಿಮಾಡಿದರು. ಪ್ರಿಂಟಾಗಿ ಬಂದ ಹಾಳೆಯನ್ನು ಉಮಾನಾಥ ಬೆಳಕಿಗೆ ಹಿಡಿದು ಓದಿದ. ಪ್ರತಿ ವರ್ಷ ಇದಕ್ಕಾಗಿ ಉಡುಪಿಗೆ ಹೋಗಿ ಬರುತ್ತಿದ್ದವನು ಅವನು.

"ಕ್ರೇಟು ಜಗಲಿಯಲ್ಲೇ ಇರಲಿ" ಎಂದ. "ಮೇಲೆ ಒಂದು ತಾರ್ಪಾಲು ಕಟ್ಟುವ."

"ಕಟ್ಟಿ, ಕಟ್ಟಿ" ಎಂದರು ರತ್ನಾವತಿ, ಪರದೆಯಿಂದ ಕಣ್ಣು ತೆಗೆಯದೆ. "ಟೀಚರ್, ಗುಳ್ಳದ ಪೆಟ್ಟಿಗೆಗೆ ಅಂಟಿಸುವ ಚೀಟಿ ಮಾಡಲಿಕ್ಕೆ ಆಗುತ್ತದಾ? ನಮ್ಮ ಹೆಸರು ಹಾಕಿ?"

ಆನ್ಸಿಲ್ಲಾ ಉತ್ತರಿಸುವ ಮೊದಲೇ ಎಲ್ಲರೂ ಕುರ್ಚಿ ಎಳೆದುಕೊಂಡು ಆ ಪರದೆಯ ಸುತ್ತ ಸೇರಿದ್ದರು.