ಕೋಟುಗಳ ಕೋಣೆ ಮತ್ತು ಕೊನೆಯ ಕೃತಿಗಳ ವರ್ಷ

ಸಾವಿರ ಜನ ಒಮ್ಮೆಗೇ ಕೆಮ್ಮಿದರು. ಗೋಡೆಯ ಮೇಲಿನ ಸಣ್ಣ ಸ್ಪೀಕರಿನಿಂದ ಬಂದ ಆ ಸದ್ದಿಗೆ ಬೆಚ್ಚಿ ನಾನು ಕೈಯಲ್ಲಿದ್ದ ಕೋಟನ್ನು ಬೀಳಿಸಿಬಿಟ್ಟೆ. ಒಳಗೆ ಸಭಾಂಗಣದಲ್ಲಿ ಹೊಗೆ ತುಂಬಿತೇನೋ ಅಂದುಕೊಂಡೆ. ನಮ್ಮ ಕಡೆ ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹೊತ್ತಿದರೂ ಇಷ್ಟು ಜನ ಕೂಡಿ ಕೆಮ್ಮುವುದಿಲ್ಲ. ನನ್ನ ಜೊತೆಗಿದ್ದ ಇಂಗ್ರಿಡ್ ಮಾತ್ರ ತಮ್ಮ ಪಾಡಿಗೆ ತಾವು ಒದ್ದೆ ಛತ್ರಿಗಳನ್ನು ಜೋಡಿಸುತ್ತಿದ್ದರು. ಕೆಮ್ಮು ಶುರುವಾದಷ್ಟೇ ತಟ್ಟನೆ ನಿಂತಿತು, ಪಿಟೀಲುಗಳು ಎದ್ದವು. ಕೃತಿಯ ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವಿನ ಸಂದಿನಲ್ಲಿ ಮಾತ್ರ ಇಲ್ಲಿಯವರು ಕೆಮ್ಮುತ್ತಾರೆ, ಅಲ್ಲಿಯ ತನಕ ಗಂಟಲಲ್ಲೇ ಹಿಡಿದಿಟ್ಟುಕೊಂಡಿರುತ್ತಾರೆ ಎಂದು ಇಂಗ್ರಿಡ್ ನನಗೆ ತಿಳಿಸಿ ಹೇಳಿದರು.

ನಾನು ನಿಪ್ಪಾಣಿ ಹತ್ತಿರದ ಅಕ್ಕೋಳದವಳು. ಬಸದಿಯಲ್ಲಿ ಭಜನೆ ನಡೆದರೆ ತಾಳದ ಜೊತೆಗೆ ಕೂಸುಗಳ ಅಳು, ಹೆಂಗಸರ ಮಾತು, ಹಿರಿಯರ ‘ಭಲೇ’ ಎಲ್ಲವೂ ಸೇರಿಯೇ ಹಾಡು ಅನ್ನಿಸಿಕೊಳ್ಳುವ ಊರು ಅದು. ಅಲ್ಲಿಂದ ಬಂದವಳಿಗೆ ಕೆಮ್ಮಿಗೂ ಒಂದು ವೇಳೆ ಗೊತ್ತುಮಾಡಿಟ್ಟ ಈ ನಗರ ಮೊದಲ ದಿನವೇ ಅರ್ಥವಾಗುವುದಾದರೂ ಹೇಗೆ?

ನನ್ನನ್ನು ಕೊಟ್ಟಿದ್ದು ಕಾಗವಾಡಕ್ಕೆ. ಯಜಮಾನರು, ಹೆಸರು ಶೀತಲ್, ಕೊಲ್ಲಾಪುರದ ಫೌಂಡ್ರಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಕೆಲಸ ಕಲಿತವರು. ದಕ್ಷಿಣ ಜರ್ಮನಿಯಲ್ಲಿ, ನೆಕ್ಕರ್ ನದಿಯ ದಂಡೆಯ ಈ ನಗರದ ಎರಕದ ಕಾರ್ಖಾನೆಗೆ ಅಂಥ ಕೈಗಳು ಬೇಕಾಗಿದ್ದವು, ಬಂದೆವು. ನಿಪ್ಪಾಣಿಯ ಶಾಲೆಯಲ್ಲಿ ಎರಡನೇ ಇಯತ್ತೆಯ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ನಾನು ಇಲ್ಲಿ ಆ ಮಕ್ಕಳಷ್ಟೂ ಮಾತು ಬಾರದವಳಾದೆ.

ಮನೆ ಸಿಕ್ಕಿದ್ದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದಲ್ಲಿ. ಬಂದ ಹೊಸದರಲ್ಲಿ ಒಂದು ಬೆಳಗ್ಗೆ ಬಾಗಿಲ ಹಿಡಿಕೆಗೆ ಯಾರೋ ಮರದ ಹಲಗೆ ತೂಗುಹಾಕಿ ಹೋಗಿದ್ದರು. ಅದರ ಮೇಲೆ ‘ಕೆರ್‌ವೋಖೆ’ ಎಂದು ಬರೆದಿತ್ತು. ಪಕ್ಕದವರ ಹಲಗೆ ತಪ್ಪಿ ನಮಗೆ ಬಂದಿದೆ ಎಂದು ಎದುರಿನ ಬಾಗಿಲಿಗೆ ಹಾಕಿದೆ. ಸಂಜೆಯೊಳಗೆ ನೆಲಮಹಡಿಯ ಹಿರಿಯ ಹೆಂಗಸೊಬ್ಬರು ಹಲಗೆಯ ಜೊತೆ ಪೊರಕೆಯನ್ನೂ ಹಿಡಿದು ಬಂದರು. ಕೆರ್‌ವೋಖೆ ಎಂದರೆ ಗುಡಿಸುವ ವಾರ. ಹಲಗೆ ಯಾರ ಬಾಗಿಲಿಗಿದೆಯೋ ಅವರು ಆ ವಾರ ಮೆಟ್ಟಿಲು ಗುಡಿಸಿ ಒರೆಸಬೇಕು. ನಮ್ಮಲ್ಲಿ ಬೆಳಗಾದರೆ ಎಲ್ಲರ ಅಂಗಳವೂ ತಾನೇ ಗುಡಿಸಿಕೊಂಡಿರುತ್ತದೆ, ಅದಕ್ಕೆ ಹಲಗೆ ಯಾಕೆ ಬೇಕು ಎಂದು ನನಗೆ ನಗು ಬಂತು. ಆದರೆ ನಾನು ಮೆಟ್ಟಿಲ ಸಂದಿಯನ್ನೆಲ್ಲ ಕೆದರಿ ಗುಡಿಸಿದ್ದನ್ನು ನೋಡಿ ಆ ಹೆಂಗಸು ಮಾರನೆಯ ದಿನ ಪ್ಲಮ್ ಹಣ್ಣಿನ ಕೇಕು ತಂದುಕೊಟ್ಟರು. ಇಂಗ್ರಿಡ್ ನನಗೆ ಪರಿಚಯವಾದದ್ದು ಹಾಗೆ. ಮನಸ್ಸಿನಲ್ಲೇ ಅವರನ್ನು ಇಂಗ್ರಿಡ್ ಮಾವಶಿ ಎಂದು ಕರೆಯತೊಡಗಿದೆ. ಮಾವಶಿ ಎಂದರೆ ಅವ್ವನ ತಂಗಿ ಎಂದು ಅವರಿಗೆ ಗೊತ್ತಾದ ಮೇಲೆ ಹಾಗೇ ಕರೆ ಎಂದು ಅವರೇ ಹೇಳಿದರು.

ಊಟದ್ದು ಬೇರೆಯೇ ಫಜೀತಿ. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವ ರೂಢಿ ನನಗಿಲ್ಲ. ಇಲ್ಲಿಯ ಡಿಸೆಂಬರಿನಲ್ಲಿ ಸೂರ್ಯ ಸಂಜೆಯ ಚಹಾದ ಹೊತ್ತಿಗೇ ಮುಳುಗಿಬಿಡುತ್ತಾನೆ. ಮಧ್ಯಾಹ್ನದ ಪಾತ್ರೆ ತೊಳೆಯುವಷ್ಟರಲ್ಲಿ ರಾತ್ರಿಯೂಟಕ್ಕೆ ಕೂರಬೇಕು. ಎಲ್ಲದರಲ್ಲೂ ನಾವು ಮುಟ್ಟದ ಆಲೂಗಡ್ಡೆ. ಕೊನೆಗೆ ಇಲ್ಲಿಯವರು ಪ್ರೀತಿಯಿಂದ ತಿನ್ನುವ ‘ಲಿನ್ಸೆನ್’ ಎಂಬುದು ನಮ್ಮ ಮಸೂರಿ ಬೇಳೆಯ ದಾಯಾದಿ ಎಂದು ಗೊತ್ತಾದ ದಿನ, ಅಂಗಡಿಯಲ್ಲಿ ನಿಂತೇ ಅವ್ವನಿಗೆ ಫೋನ್ ಮಾಡಿದೆ.

ಅವ್ವನಿಗೆ ಮಾಡಿದೆ, ಅಪ್ಪನಿಗಲ್ಲ. ನನ್ನ ಒಂಟಿತನದ ಬೇರು ಇದ್ದದ್ದು ಅಲ್ಲೇ. ಅಪ್ಪ ಊರಿನ ಭಜನೆಯ ಮುಂದಾಳು. ಹಾರ್ಮೋನಿಯಂ ಮುಂದೆ ಕೂತು ದನಿ ಎತ್ತಿದರೆ ಊರ ಹೊರಗಿನ ತಂಬಾಕಿನ ಹೊಲದ ತನಕ ಕೇಳುತ್ತಿತ್ತು. ಆ ತಂಬಾಕು ನಾವು ಬೆಳೆದದ್ದು, ಅಪ್ಪ ಬಾಯಿಗೆ ಹಾಕಿಕೊಂಡದ್ದೂ ಅದನ್ನೇ. ನಾನು ಇಲ್ಲಿಗೆ ಬಂದ ಮೊದಲ ವರ್ಷ ಅವರ ಗಂಟಲಿನಲ್ಲಿ ಗಂಟು ಕಂಡಿತು. ಮಿರಜಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಕಬ್ಬಿನ ರವದಿಯ ಒಣಗರಿ ಸವರಿದಂಥ ಪಿಸುಮಾತು. ಮನೆ ತುಂಬ ಜನ, ಟಿ.ವಿ., ಹೊರಗೆ ಟ್ರ್ಯಾಕ್ಟರು, ಈ ಗದ್ದಲದಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲರೂ ‘ಏನ್ರಿ, ಏನಂದ್ರಿ’ ಅನ್ನತೊಡಗಿದ ಮೇಲೆ ಅಪ್ಪ ಮಾತು ಬಿಟ್ಟರು, ಬಸದಿಯ ಭಜನೆಗೂ ಹೋಗುವುದನ್ನು ಬಿಟ್ಟರು. ನಾನು ಫೋನ್ ಮಾಡಿದರೆ ಅವ್ವ ನಡುವೆ ನಿಂತು ಅವರ ಮಾತನ್ನು ನನಗೆ ಮುಟ್ಟಿಸುತ್ತಿದ್ದಳು. ಬರಬರುತ್ತ ಮುಟ್ಟಿಸಲು ಮಾತೇ ಇಲ್ಲವಾಯಿತು.

ನಾನು ಮನೆಯಲ್ಲಿ ಕೂತು ಸೊರಗುವುದನ್ನು ಇಂಗ್ರಿಡ್ ಮಾವಶಿ ಕಂಡಿರಬೇಕು. ಅವರು ನಗರದ ಸಂಗೀತ ಸಭಾಂಗಣದ ‘ಗಾರ್ಡೆರೋಬೆ’ಯ ಮೇಲ್ವಿಚಾರಕಿ. ಕೇಳಲು ಬಂದವರ ಕೋಟು, ಛತ್ರಿ ಇಸಿದುಕೊಂಡು ಬಿಲ್ಲೆ ಕೊಟ್ಟು, ಮುಗಿದ ಮೇಲೆ ಮರಳಿಸುವ ಕೋಣೆ ಅದು. ಅಲ್ಲಿ ನನಗೊಂದು ಕೆಲಸ ಕೊಡಿಸಿದರು. ಜರ್ಮನ್ ಭಾಷೆಯನ್ನು ನಾನು ನಿಜವಾಗಿ ಕಲಿತದ್ದು ಕೋಟುಗಳ ನಡುವೆ. ಮೊದಲು ಅಂಕಿಗಳು, ಆಮೇಲೆ ಬಣ್ಣಗಳು, ಆಮೇಲೆ ಜನರ ಸಣ್ಣ ಮಾತು. ಬಿಲ್ಲೆ ಕಳೆದುಕೊಂಡು ಗಾಬರಿಯಾದ ಮುದುಕನೊಬ್ಬನಿಗೆ ಅವನ ಕೋಟು ಹುಡುಕಿಕೊಟ್ಟು, ತಪ್ಪಿಲ್ಲದ ಒಂದು ಪೂರ್ತಿ ವಾಕ್ಯದಲ್ಲಿ ಸಮಾಧಾನ ಹೇಳಿದ ಮರುದಿನ ಮನೆಯಲ್ಲಿ ಗೋಧಿ ಹುಗ್ಗಿ ಮಾಡಿದೆ.

ಆ ವರ್ಷ ನಗರದ ವಾದ್ಯವೃಂದ ಒಂದು ವಿಶೇಷ ಸರಣಿ ಇಟ್ಟುಕೊಂಡಿತ್ತು. ಶರತ್ಕಾಲದಿಂದ ಬೇಸಿಗೆಯ ತನಕ, ಒಂದೊಂದು ಕಚೇರಿಯಲ್ಲಿ ಒಬ್ಬೊಬ್ಬ ದೊಡ್ಡ ಸಂಗೀತಕಾರ ಕೊನೆಗೆ ಬರೆದ ಕೃತಿ. ಮೊದಮೊದಲು ಇದೆಂಥ ಅಪಶಕುನದ ಯೋಚನೆ ಅನ್ನಿಸಿತು. ನಮ್ಮಲ್ಲಿ ‘ಕೊನೆಯದು’ ಎಂಬ ಮಾತನ್ನೇ ಬಾಯಿಗೆ ತರುವುದಿಲ್ಲ, ಹೊರಟವರು ‘ಬರ್ತೇನ್ರಿ’ ಅನ್ನುತ್ತಾರೆ. ಇಲ್ಲಿ ಗೋಡೆ ಗೋಡೆಗೆ ಆ ಪದದ ಪೋಸ್ಟರು.

ಆದರೆ ಕೋಟುಗಳ ನಡುವೆ ಕೂತು ಆ ಸಣ್ಣ ಸ್ಪೀಕರಿಗೆ ಕಿವಿಗೊಡುತ್ತ ಹೋದಂತೆ ನನ್ನ ಅಭಿಪ್ರಾಯ ಬದಲಾಯಿತು. ಒಬ್ಬಾತ ಸಾಯುವ ಸ್ವಲ್ಪ ಮೊದಲು ಕ್ಲಾರಿನೆಟ್ಟಿಗಾಗಿ ಬರೆದದ್ದನ್ನು ನುಡಿಸಿದರು. ಕ್ಲಾರಿನೆಟ್ ಎಂದರೆ ನನಗೆ ನಿಪ್ಪಾಣಿಯ ಮದುವೆಯ ಬ್ಯಾಂಡು, ಬೀಗರ ಮುಂದೆ ಕೆನ್ನೆ ಉಬ್ಬಿಸಿ ಊದುವ ವಾದ್ಯ. ಅದೇ ವಾದ್ಯ ಇಲ್ಲಿ ಎಷ್ಟು ಮೆಲ್ಲಗೆ ನುಡಿಯಿತೆಂದರೆ ನಾನು ಸ್ಟೂಲನ್ನು ಸ್ಪೀಕರಿನ ಕೆಳಗೆ ಎಳೆದುಕೊಂಡೆ. ಸಾವಿನ ಅಂಚಿನಲ್ಲಿದ್ದವನ ದೂರು ಅದರಲ್ಲಿ ಎಲ್ಲೂ ಇರಲಿಲ್ಲ. ಇನ್ನೊಬ್ಬನ ಕೊನೆಯ ಕೃತಿ ಆರ್ಭಟದಿಂದ ಹೊರಟು ಕೊನೆಗೆ ಕೇಳಿಸೀ ಕೇಳಿಸದಂತೆ ಆರಿಹೋಯಿತು. ಅಷ್ಟು ಮೆಲ್ಲನೆಯ ದನಿಯನ್ನು ಒಂದು ಊರಿಗೆ ಊರೇ ಉಸಿರು ಬಿಗಿಹಿಡಿದು ಕೇಳುವುದನ್ನು ನಾನು ಮೊದಲ ಸಲ ಅರಿತೆ. ಈ ಜನರ ಬಗ್ಗೆ ಹುಟ್ಟಿದ ಗೌರವ ಅಲ್ಲಿಂದಲೇ ಶುರು.

ಅಪ್ಪನನ್ನು ಇಲ್ಲಿಗೆ ಕರೆತರಬೇಕು ಎಂಬ ಹಟ ಹುಟ್ಟಿದ್ದೂ ಆ ದಿನವೇ. ಅವರು ಒಲ್ಲೆ ಎಂದು ಕೈ ಆಡಿಸಿದರಂತೆ. ಮೊಮ್ಮಕ್ಕಳಿಲ್ಲ, ಬಾಣಂತನವಿಲ್ಲ, ಸುಮ್ಮನೆ ಯಾಕೆ ಎಂದು ಅವ್ವನೂ ಅಂದಳು. ಶೀತಲ್ ಟಿಕೆಟ್ ತೆಗೆಸಿಯೇ ಫೋನ್ ಮಾಡಿದರು. ಅಳಿಯನ ಮಾತು ತೆಗೆದುಹಾಕಲಾಗದೆ ಬೇಸಿಗೆಗೆ ಇಬ್ಬರೂ ಬಂದರು. ಬೇಸಿಗೆಯಲ್ಲಿ ಇಲ್ಲಿಯ ಸೂರ್ಯ ಮುಳುಗಲು ಒಲ್ಲೆ ಅನ್ನುತ್ತಾನೆ. ಅವ್ವ ಕಿಟಕಿಯಲ್ಲಿ ನಿಂತು, ಇನ್ನೂ ಬೆಳಕೈತಿ, ಇನ್ನೊಂದು ಭಕ್ರಿ ಬಡಿಯಲಾ ಎಂದು ಕೇಳುವಳು.

ಅಪ್ಪನ ಮಾತು ಶುರುವಾದದ್ದು ಮೂರನೆಯ ಮಹಡಿಯ ಆ ನಿಶ್ಶಬ್ದದಲ್ಲಿ. ಒಂದು ಬೆಳಗ್ಗೆ ಅಡುಗೆಮನೆಯಲ್ಲಿದ್ದ ನನಗೆ ಹಿಂದಿನಿಂದ ಪಿಸುಮಾತು ಕೇಳಿತು: “ಚಾ ಐತೇನ, ಯವ್ವಾ?” ಎರಡು ವರ್ಷದಲ್ಲಿ ಅವರು ನೇರವಾಗಿ ನನಗೆ ಹೇಳಿದ ಮೊದಲ ಮಾತು. ಏನು ಅಂದಿರಿ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ.

ಸರಣಿಯ ಕೊನೆಯ ಕಚೇರಿ ಒಂದು ಭಾನುವಾರ ಬೆಳಗ್ಗೆ ಇತ್ತು. ಬೇಸಿಗೆಯಾದ್ದರಿಂದ ಕೋಟುಗಳಿಲ್ಲ. ಶೀತಲ್ ಕಾರ್ಖಾನೆಯ ಪಾಳಿಗೆ ಹೋಗಿದ್ದರು. ಇಂಗ್ರಿಡ್ ಮಾವಶಿ ಅಪ್ಪ, ಅವ್ವ, ನಾನು ಮೂವರಿಗೂ ಜಾಗ ಕೊಡಿಸಿ, ನೀನೂ ಒಳಗೇ ಕೂರು ಎಂದು ನನ್ನನ್ನು ತಳ್ಳಿದರು. ಅಪ್ಪನಿಗೆ ಇದ್ದದ್ದು ಕೆಮ್ಮಿನ ಹೆದರಿಕೆ. ಆಪರೇಷನ್ ಆದಾಗಿನಿಂದ ಅವರಿಗೆ ಕೆಮ್ಮು ಹೇಳಿಕೇಳಿ ಬರುವುದಿಲ್ಲ. ಧೋತರ, ಬಿಳಿ ಟೋಪಿಯಲ್ಲಿ ಕೂತು ಜ್ಯೇಷ್ಠಮಧುವಿನ ಚೂರನ್ನು ದವಡೆಯಲ್ಲಿಟ್ಟುಕೊಂಡು, ಕರವಸ್ತ್ರ ಮುಷ್ಟಿಯಲ್ಲಿ ಹಿಡಿದಿದ್ದರು. ನಾನು ವೇದಿಕೆಗಿಂತ ಅವರ ಗಂಟಲನ್ನೇ ಹೆಚ್ಚು ನೋಡುತ್ತಿದ್ದೆ.

ಆ ದಿನದ ಕೃತಿ ಬರೆದಾತ ಅದನ್ನು ಮುಗಿಸಿರಲಿಲ್ಲ. ಬರೀ ತಂತಿವಾದ್ಯಗಳು. ಒಂದು ಗುಂಪು ಒಂದು ಸಾಲು ಎತ್ತಿತು, ಇನ್ನೊಂದು ಗುಂಪು ಅದೇ ಸಾಲನ್ನು ಬೇರೆ ಸ್ಥಾಯಿಯಲ್ಲಿ ಹಿಡಿಯಿತು, ಅದರ ಬೆನ್ನಿಗೆ ಮತ್ತೊಂದು. ಭಜನೆಯಲ್ಲಿ ಮುಂದಾಳಿನ ಸಾಲನ್ನು ಹಿಮ್ಮೇಳ ಎತ್ತಿಕೊಳ್ಳುವ ಹಾಗೆಯೇ, ಆದರೆ ಇಲ್ಲಿ ಮುಂದಾಳು ನಿಲ್ಲುವುದಿಲ್ಲ, ಎಲ್ಲರೂ ಕೂಡಿಯೇ ನಡೆಯುತ್ತಾರೆ. ಅಪ್ಪನ ಬೆರಳುಗಳು ಮೊಣಕಾಲಿನ ಮೇಲೆ ಹಾರ್ಮೋನಿಯಂ ಹುಡುಕತೊಡಗಿದವು. ಸಾಲುಗಳು ಹೆಣೆದುಕೊಂಡು ಮೇಲೆ ಮೇಲೆ ಏರುತ್ತಿದ್ದವು. ಹಾಗೆ ಏರುತ್ತಿರುವಾಗಲೇ, ನಡು ಸಾಲಿನಲ್ಲಿ, ಎಲ್ಲವೂ ನಿಂತುಹೋಯಿತು.

ಬರೆದವನ ಲೇಖನಿ ನಿಂತಲ್ಲೇ ವಾದ್ಯವೃಂದವೂ ನಿಂತಿತ್ತು. ಅವರನ್ನು ನುಡಿಸುತ್ತಿದ್ದ ನಿರ್ದೇಶಕ ಎತ್ತಿದ ಕೈ ಇಳಿಸಲಿಲ್ಲ. ಯಾರೂ ಅಲುಗಲಿಲ್ಲ, ಯಾರೂ ಕೆಮ್ಮಲಿಲ್ಲ. ಆ ಮೌನದಲ್ಲಿ ನನ್ನ ಪಕ್ಕದಿಂದ ಬಂತು:

“ಭಲೇ.”

ಪಿಸುಮಾತೇ. ಆದರೆ ಆ ಸಭಾಂಗಣದಲ್ಲಿ ಅದು ಮುಂದಿನ ಸಾಲುಗಳ ತನಕ ಕೇಳಿತು. ಕೆಲವರು ತಿರುಗಿ ನೋಡಿದರು. ನನಗೆ ನೆಲದೊಳಗೆ ಇಳಿದುಹೋಗೋಣ ಅನ್ನಿಸಿತು. ಅಪ್ಪನ ಮುಂದೆ ಕೂತಿದ್ದ ಬಿಳಿಕೂದಲ ಹೆಂಗಸು ಮಾತ್ರ ತಲೆ ಬಾಗಿಸಿ, ಹೌದು ಎಂಬಂತೆ ಮುಗುಳ್ನಕ್ಕರು. ಆಮೇಲೆ ನಿರ್ದೇಶಕ ಕೈ ಇಳಿಸಿದ, ಚಪ್ಪಾಳೆ ಎದ್ದಿತು.

ಮನೆಯ ತನಕ ನದಿಯ ದಂಡೆ ಹಿಡಿದು ನಡೆದೆವು. ಅಪ್ಪ ದಾರಿಯುದ್ದಕ್ಕೂ ಮಾತಾಡಿದರು. ಆ ಮನುಷ್ಯನಿಗೆ ಇದೇ ಕೊನೆಯದೆಂದು ಗೊತ್ತಿತ್ತೇ ಎಂದು ಕೇಳಿದರು. ಬಲ್ಲವರು ಯಾರೂ ಇಲ್ಲ ಎಂದೆ. ಅಪ್ಪ ಅವ್ವನ ಕಡೆ ತಿರುಗಿದರು.

“ನಾ ಹಾಡಿದ ಕಡೀ ಪದಾ ಯಾವುದಿತ್ತ? ನನಗ ನೆನಪ ಇಲ್ಲ.”

ನನಗೂ ಗೊತ್ತಿರಲಿಲ್ಲ, ನಾನು ಆಗ ಇಲ್ಲಿದ್ದೆ. ಅವ್ವ ನದಿ ನೋಡುತ್ತ ಹೇಳಿದಳು: “ಚತುರ್ದಶಿ ಭಜನಿ ಇತ್ತ. ಹಾಡಕೋತ ಹಾಡಕೋತ ನಿಮಗ ಕೆಮ್ಮ ಬಂತ. ಅರ್ಧಾಕ ಬಿಟ್ಟ ಎದ್ದ ಹೊರಗ ಹೋದ್ರಿ. ಮರುದಿನಾನ ಮಿರಜಿಗ ಹೋದಿವಿ.”

“ಹಂಗಾರ ಪದಾ ಅರ್ಧಾನ ಉಳೀತು?”

“ಯಾಕ ಉಳೀತೈತಿ? ನಿಮ್ಮ ತಮ್ಮನ ಮಗಳ ಸುಜಾತಾ ಎತ್ತಿಕೊಂಡ್ಳು. ಪೂರಾ ಹಾಡಿ ಮುಗಿಸಿದ್ಳು.”

ಅಪ್ಪ ನಿಂತುಬಿಟ್ಟರು. “ಇಷ್ಟ ದಿನಾ ಹೇಳಲಿಲ್ಲಲ್ಲ ನೀ.”

“ನೀವು ಕೇಳಲಿಲ್ಲಲ್ರಿ,” ಅಂದಳು ಅವ್ವ.

ಅಪ್ಪನಿಗೆ ನಗು ಬಂತು. ದನಿಯಿಲ್ಲದ ನಗು, ಭುಜ ಮಾತ್ರ ಕುಲುಕುತ್ತಿತ್ತು. ಆಮೇಲೆ ಅಲ್ಲೇ ಒಂದು ಬೆಂಚಿನ ಮೇಲೆ ಕೂತು ಟೋಪಿ ತೆಗೆದು ಕಣ್ಣೊರೆಸಿಕೊಂಡರು. ಸುಜಾತಾ ಯಾವ ಸ್ವರದಲ್ಲಿ ಎತ್ತಿಕೊಂಡಳು ಎಂದು ಅವ್ವನನ್ನು ಮತ್ತೆ ಮತ್ತೆ ಕೇಳಿದರು. ನನಗ್ಯಾಕ ತಿಳೀತೈತ್ರಿ ಅದೆಲ್ಲಾ ಎಂದು ಅವ್ವ ರೇಗುವ ತನಕ ಕೇಳಿದರು.

ಅವರು ಮರಳಿದ ಮೇಲೆ ಊರಿನಿಂದ ಸುದ್ದಿ ಬಂತು. ಅಪ್ಪ ಮತ್ತೆ ಬಸದಿಗೆ ಹೋಗುತ್ತಿದ್ದಾರೆ. ಹಾಡುವವಳು ಸುಜಾತಾ, ಹಾರ್ಮೋನಿಯಂ ಅಪ್ಪನದು. ಅವಳು ತಪ್ಪಿದರೆ ಹಾರ್ಮೋನಿಯಂ ನಿಲ್ಲಿಸಿ ಕೈಸನ್ನೆ ಮಾಡುತ್ತಾರೆ, ಮಾತಾಡುವುದಿದ್ದರೆ ಎಲ್ಲರನ್ನೂ ಸುಮ್ಮನಿರಿಸಿ ಆಮೇಲೆ ಮಾತಾಡುತ್ತಾರೆ. ಊರಿನವರು ಇದನ್ನು ಜರ್ಮನಿಯ ಸೊಕ್ಕು ಅನ್ನುತ್ತಾರಂತೆ, ಆದರೆ ಸುಮ್ಮನಿರುತ್ತಾರಂತೆ.

ಈಗ ನಾನು ಎಲ್ಲಿಯವಳು ಎಂದು ಯಾರಾದರೂ ಕೇಳಿದರೆ ಈ ಒಂದು ಸಂಗತಿ ಹೇಳುತ್ತೇನೆ. ಕಳೆದ ಚತುರ್ದಶಿಗೆ ಸುಜಾತಾ ಫೋನನ್ನು ಹಾರ್ಮೋನಿಯಂ ಪೆಟ್ಟಿಗೆಯ ಮೇಲಿಟ್ಟು, ಅಕ್ಕಾ, ನೀನೂ ಹಿಮ್ಮೇಳಕ್ಕೆ ಬಾ ಎಂದು ಕರೆದಳು. ಗುಡಿಸುವ ವಾರದ ಪೊರಕೆಯನ್ನು ಬದಿಗಿಟ್ಟು, ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಕೂತು ಹಾಡಿದೆ. ನಾನು ತಾಳಕ್ಕೆ ಸರಿಯಾಗಿಯೇ ಹಾಡುತ್ತಿದ್ದೆ. ಆದರೆ ಅಷ್ಟು ದೂರ ಹೋಗಿ ಮುಟ್ಟುವ ಹೊತ್ತಿಗೆ ನನ್ನ ಸಾಲು ಅಲ್ಲಿಯವರಿಗಿಂತ ಹಿಂದೆ ಬೀಳುತ್ತಿತ್ತಂತೆ. ಹಿಮ್ಮೇಳದವರು ತಬ್ಬಿಬ್ಬಾಗಿ ನಕ್ಕರು. ನಾನು ನಿಲ್ಲಿಸಿದೆ. ಕೆಳಗಿನಿಂದ ಇಂಗ್ರಿಡ್ ಮಾವಶಿ ಬಾಗಿಲು ತೆರೆದು, ಯಾಕೆ ನಿಲ್ಲಿಸಿದೆ ಎಂದು ಜರ್ಮನ್‌ನಲ್ಲಿ ಕೇಳಿದರು. ಫೋನಿನಲ್ಲಿ ಬಸದಿ ಒಮ್ಮೆಗೇ ಸುಮ್ಮನಾಯಿತು, ಯಾರು ಸುಮ್ಮನಿರಿಸಿದರು ಎಂದು ನನಗೆ ಗೊತ್ತು. ಆಮೇಲೆ ಅಪ್ಪನ ದನಿ ಬಂತು.

“ನೀ ಹಾಡ, ಯವ್ವಾ. ನಿನ್ನ ಸಾಲ ಬಂದ ಮುಟ್ಟುತನಾ ನಾ ನಿಂದರತೇನಿ.”